ನೆಬ್ರಾಸ್ಕಾ ಫುಟ್‌ಬಾಲ್, 2021: ಸ್ಟೇಡಿಯಂಗೆ ಐದು ಸ್ಟಾರ್, ತಂಡಕ್ಕೆ ಎರಡು

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂನಲ್ಲಿ, ನೆಬ್ರಾಸ್ಕಾ ವಿಶ್ವವಿದ್ಯಾಲಯ ತಂಡದ 2021ರ ಅಮೆರಿಕನ್ ಫುಟ್‌ಬಾಲ್ ಸೀಸನ್ ನೋಡಿದವನು ನಾನು. 12 ಪಂದ್ಯ, 3 ಗೆಲುವು, 9 ಸೋಲು. ಇಷ್ಟು ಕೇಳಿದರೆ ತಂಡ ಪೂರ್ತಿ ದಂಡ ಅನ್ನಿಸುತ್ತೆ, ಅಲ್ವಾ? ಅಲ್ಲ, ಅದೇ ಹೊಟ್ಟೆ ಉರಿಯೋ ವಿಷಯ.

ಒಂಬತ್ತು ಸೋಲಿನಲ್ಲಿ ಒಂದೂ 9 ಪಾಯಿಂಟ್‌ಗಿಂತ ಜಾಸ್ತಿ ಅಂತರದ್ದಲ್ಲ. ಒಂಬತ್ತನ್ನೂ ಕೂಡಿಸಿದರೆ ಅಂತರ ಬರೀ 56. ನಾರ್ತ್‌ವೆಸ್ಟರ್ನ್ ವಿರುದ್ಧ ಒಂದೇ ರಾತ್ರಿ ನಮ್ಮವರು ಹೊಡೆದಿದ್ದೂ 56! ಇಡೀ ಸೀಸನ್‌ನಲ್ಲಿ ಬಿಟ್ಟುಕೊಟ್ಟಿದ್ದಕ್ಕಿಂತ 63 ಪಾಯಿಂಟ್ ಹೆಚ್ಚೇ ಗಳಿಸಿ 3-9ಕ್ಕೆ ಇಳಿಯೋದಕ್ಕೂ ಒಂದು ಪ್ರತಿಭೆ ಬೇಕು.

ಮಿಶಿಗನ್ ಪಂದ್ಯ ಮರೆಯೋ ಹಾಗಿಲ್ಲ. ಇಲ್ಲಿ ನಮ್ಮವರ ಮೊದಲ ಪಾಯಿಂಟ್ ಬಂದ ತಕ್ಷಣ ಸಾವಿರಾರು ಕೆಂಪು ಬಲೂನ್ ಹಾರಿಸೋದು ಆಗ ಪದ್ಧತಿಯಾಗಿತ್ತು. ಅವತ್ತು ಅರ್ಧ ಆಟ ಮುಗಿದರೂ ಮಿಶಿಗನ್ 13, ನಾವು 0, ಜನ ಬಲೂನ್ ದಾರ ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಮೂರನೇ ಕ್ವಾರ್ಟರ್‌ನಲ್ಲಿ ನಮಗೆ 22 ಪಾಯಿಂಟ್ ಬಂತು ನೋಡಿ, ಕಿವಿ ತೂತು ಬೀಳೋ ಸದ್ದು. ಕೊನೆಗೆ 29-29, ಎರಡು ನಿಮಿಷವೂ ಉಳಿದಿಲ್ಲ, ನಮ್ಮ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸೋ ಆಟಗಾರ) ಏಡ್ರಿಯನ್ ಮಾರ್ಟಿನೆಜ್ ಇನ್ನೊಂದು ಗಜಕ್ಕೆ ಗುದ್ದಾಡುತ್ತಾ ಇದ್ದಾಗ ಚೆಂಡನ್ನೇ ಕಿತ್ಕೊಂಡರು. ಆಮೇಲೆ ಅವರ ಫೀಲ್ಡ್ ಗೋಲ್, ಅಂದರೆ ಕಂಬಗಳ ನಡುವೆ ಚೆಂಡು ಒದ್ದು ಮೂರು ಪಾಯಿಂಟ್. 32-29. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಎಲ್ಲರೂ ಮಾರ್ಟಿನೆಜ್‌ನ ಬೈದರು. ನನ್ನ ಪ್ರಕಾರ ನಿಜವಾದ ರೋಗ ಒದೆಯೋ ವಿಭಾಗದ್ದು. ಪಂಟ್ ಅಂದರೆ ಮುಂದೆ ಸಾಗೋಕೆ ಆಗದಿದ್ದಾಗ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು, ಸರಳ ಕೆಲಸ. ಮಿಶಿಗನ್ ಸ್ಟೇಟ್ ವಿರುದ್ಧ ನಾವು ಮುಂದಿದ್ದೆವು, ಕೊನೇ ಕ್ವಾರ್ಟರ್‌ನಲ್ಲಿ ತಪ್ಪು ಕಡೆಗೆ ಹೋದ ನಮ್ಮ ಒಂದು ಪಂಟ್ ಹಿಡಿದು ಅವರು ಸೀದಾ ಟಚ್‌ಡೌನ್‌ಗೆ (ಚೆಂಡಿನ ಜೊತೆ ನಮ್ಮ ಕೊನೆಗೆರೆ ದಾಟೋದಕ್ಕೆ) ಓಡಿದರು, ಓವರ್‌ಟೈಮ್‌ನಲ್ಲಿ ಸೋತೆವು. ಅಯೋವಾ ಪಂದ್ಯ ಇನ್ನೂ ಘೋರ. 21-6 ಮುಂದಿದ್ದವರು ನಾವು, ಅವರು ನಮ್ಮ ಒಂದು ಪಂಟ್‌ಗೆ ಅಡ್ಡ ಬಿದ್ದು ಅದನ್ನೇ ಟಚ್‌ಡೌನ್ ಮಾಡಿಕೊಂಡರು, ಕೊನೆಯ 22 ಪಾಯಿಂಟೂ ಅವರದೇ.

ಸ್ಟೇಡಿಯಂ ಬಗ್ಗೆ ಮಾತ್ರ ದೂರಿಲ್ಲ. 1962ರಿಂದ ಟಿಕೆಟ್ ಪೂರ್ತಿ ಮಾರಾಟವಾಗುತ್ತಲೇ ಬಂದಿದೆ, ಇಂಥ ವರ್ಷದಲ್ಲೂ. ಪಂದ್ಯದ ದಿನ ಸುಮಾರು 85 ಸಾವಿರ ಜನ ಸೇರಿದರೆ ರಾಜ್ಯದಲ್ಲಿ ಒಮಾಹಾ, ಲಿಂಕನ್ ಬಿಟ್ಟರೆ ಇದೇ ಮೂರನೇ ದೊಡ್ಡ ಊರು. ಸೋತ ಮೇಲೂ ಎದುರಾಳಿ ಆಟಗಾರರಿಗೆ ಚಪ್ಪಾಳೆ ತಟ್ಟಿ ಕಳಿಸ್ತಾರೆ, ಇದು ಎಲ್ಲ ಕಡೆ ಸಿಗೋದಲ್ಲ. ಇಲ್ಲಿ ಹೆಸರುವಾಸಿ ತಿಂಡಿ ರನ್ಜಾ, ದನದ ಮಾಂಸ, ಕೋಸು ತುಂಬಿದ ಬನ್. ಸಸ್ಯಾಹಾರಿಗಳು ಪಾಪ್‌ಕಾರ್ನ್ ನೆಚ್ಚಿಕೊಳ್ಳಿ. ಕೈಗವಸು ಮರೀಬೇಡಿ, ಅಯೋವಾ ಪಂದ್ಯ ನವೆಂಬರ್ ಕೊನೆಗೆ.

ಇನ್ನೊಂದು ತಮಾಷೆ, ಮೂರು ಗೆಲುವೂ ಇದೇ ಮೈದಾನದಲ್ಲಿ ಬಂದವು. ಅಂದರೆ ಮನೆ ಪಂದ್ಯಗಳ ಟಿಕೆಟ್ ಕೊಂಡವರು ನೋಡಿದ್ದು ಏಳರಲ್ಲಿ ಮೂರು ಗೆಲುವು, ಅಷ್ಟೇನೂ ಮೋಸ ಇಲ್ಲ! ಟಿವಿ ಮುಂದೆ ಕೂತವರ ಪಾಡು ಬೇರೆ.

ಕೋಚ್ ಸ್ಕಾಟ್ ಫ್ರಾಸ್ಟ್ 1997ರಲ್ಲಿ ಇದೇ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ರಾಷ್ಟ್ರೀಯ ಪಟ್ಟ ತಂದವರು. ಆ ಋಣಕ್ಕೋ ಏನೋ, ಆ ನವೆಂಬರ್‌ನಲ್ಲಿ ಸಂಬಳ ಕಡಿಮೆ ಮಾಡಿ ಉಳಿಸಿಕೊಂಡರು. ಮುಂದಿನ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಸದರ್ನ್ ಕೈಲಿ 45-42 ಸೋತ ಮರುದಿನವೇ ಮನೆಗೆ ಕಳಿಸಿದರು. ಆ ಸೋಲಿನ ಅಂತರವೂ ಮೂರೇ ಪಾಯಿಂಟ್.