ಬೆಂಗಳೂರಿನಿಂದ ಲಂಡನ್: ನೇರ ವಿಮಾನವಾ, ದುಬೈ ಮೇಲಾ?

ದುಬೈ ಮೇಲೆ ಹೋದರೆ ಸುತ್ತು ಜಾಸ್ತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಲಂಡನ್‌ಗೆ ನೇರವಾಗಿ ಸುಮಾರು 8,000 ಕಿ.ಮೀ. ದುಬೈಗೆ 2,700, ಅಲ್ಲಿಂದ ಲಂಡನ್‌ಗೆ 5,500. ಹೆಚ್ಚಾಗುವುದು ಹೆಚ್ಚೆಂದರೆ 200 ಕಿ.ಮೀ. ದುಬೈ ಹೆಚ್ಚುಕಡಿಮೆ ದಾರಿಯಲ್ಲೇ ಇದೆ!

ಸಮಯ ತಿನ್ನುವುದು ದೂರವಲ್ಲ, ಮಧ್ಯದ ಕಾಯುವಿಕೆ. ನೇರ ವಿಮಾನಕ್ಕೆ ಹತ್ತೂವರೆಯಿಂದ ಹನ್ನೊಂದು ಗಂಟೆ ಸಾಕು. ದುಬೈ ಮೇಲೆ ಹಾರಾಟವೇ ನಾಲ್ಕು ಮತ್ತು ಏಳೂವರೆ ಗಂಟೆ. ಮೂರು ಗಂಟೆ ಕಾದರೆ ಹದಿನಾಲ್ಕು ದಾಟುತ್ತದೆ. ವಾಪಸ್ ಬರುವಾಗ ಗಾಳಿ ಹಿಂದಿನಿಂದ ತಳ್ಳುವುದರಿಂದ ಹೊತ್ತು ಸ್ವಲ್ಪ ಉಳಿಯುತ್ತದೆ.

ಟಿಕೆಟ್ ನೋಡಿ ಮೋಸ ಹೋಗಬೇಡಿ. ಬೆಂಗಳೂರಿನಿಂದ ಬೆಳಗ್ಗೆ 7ಕ್ಕೆ ಹೊರಟು ಲಂಡನ್‌ನಲ್ಲಿ ಮಧ್ಯಾಹ್ನ 1ಕ್ಕೆ ಇಳಿಯುವುದು ಆರು ಗಂಟೆಯ ಪ್ರಯಾಣವಲ್ಲ. ಅವು ಆಯಾ ಊರಿನ ಗಡಿಯಾರದ ಹೊತ್ತು. ಚಳಿಗಾಲದಲ್ಲಿ ಐದೂವರೆ ಗಂಟೆ ಸೇರಿಸಿ, ಬೇಸಿಗೆಯಲ್ಲಿ ನಾಲ್ಕೂವರೆ.

ಅಪ್ಪ ಅಮ್ಮ ಇಬ್ಬರೇ ಹೊರಟಿದ್ದರೆ ನಾನಂತೂ ನೇರ ವಿಮಾನವನ್ನೇ ಬುಕ್ ಮಾಡುತ್ತೇನೆ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಸರಿ. ಒಬ್ಬರೇ ಹೋಗುವ ವಿದ್ಯಾರ್ಥಿಗೆ ದುಬೈ ಆದೀತು. ಆದರೆ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಮೊದಲನೆಯದು ತಡವಾದರೆ ಮುಂದಿನ ವಿಮಾನದ ಜವಾಬ್ದಾರಿ ಕಂಪನಿಯದು.