ನೈಟ್ಲಿ ಉಳಿಯಿತು, ಕ್ಯಾನರಿ ಹೋಯಿತು

ಬ್ರೌಸರ್‌ನ ಪರೀಕ್ಷಾ ಆವೃತ್ತಿ ಹಾಕಿಕೊಂಡು ನೋಡೋಣ ಅನ್ನುವವರ ಮುಂದೆ ಮುಖ್ಯವಾಗಿ ಎರಡು ಹೆಸರು ಬರುತ್ತವೆ: ಫೈರ್‌ಫಾಕ್ಸ್ ನೈಟ್ಲಿ ಮತ್ತು ಕ್ರೋಮ್ ಕ್ಯಾನರಿ. ಬಾಗಲಕೋಟೆ ನವನಗರದ ನನ್ನ ಅಂಗಡಿಯಲ್ಲಿ ಎರಡನ್ನೂ ಒಂದೇ ಲ್ಯಾಪ್‌ಟಾಪಿಗೆ ಹಾಕಿ ಬಳಸಿದೆ. ಝೆರಾಕ್ಸ್, ಪಹಣಿ, ಸ್ಕಾಲರ್‌ಶಿಪ್, ಸಿಇಟಿ ಅರ್ಜಿ, ಇಂಥ ಕೆಲಸದ ಅಂಗಡಿ ನಮ್ಮದು. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಗಿರಾಕಿಗಳ ಕೆಲಸಕ್ಕೆ ಬೇರೆ ಕಂಪ್ಯೂಟರ್ ಇದೆ, ಅದರ ತಂಟೆಗೆ ಹೋಗಲಿಲ್ಲ.

"ಸರ್ರ, ಚಲೋ ನಡ್ಯಾಕತ್ತಿದ್ದ ಬ್ರೌಸರ್ ಬಿಟ್ಟು ಇದನ್ಯಾಕ್ರೀ ಹಾಕ್ಕೊಂಡ್ರಿ?" ಅಂತ ಅಂಗಡಿಯ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಅರ್ಜಿ ತುಂಬಿಸಲು ಜನ ಸಾಲು ನಿಂತಿರುವಾಗ ಬ್ರೌಸರ್ ರಾತ್ರೋರಾತ್ರಿ ಮುಖ ಬದಲಿಸಿಕೊಂಡು ಬಂದರೆ ಡೌನ್‌ಲೋಡ್ ಬಟನ್ ಎಲ್ಲಿ ಹೋಯಿತು ಅಂತ ಹುಡುಕುವವರು ನಾವೇ. ಮೊದಲೇ ನೋಡಿಟ್ಟುಕೊಂಡರೆ ಆ ತಡಕಾಟ ತಪ್ಪುತ್ತದೆ. ಫೈರ್‌ಫಾಕ್ಸ್ 2020ರಿಂದ ಹೆಚ್ಚುಕಮ್ಮಿ ನಾಲ್ಕು ವಾರಕ್ಕೊಂದು ಆವೃತ್ತಿ ಬಿಡುತ್ತಿದೆ. ನೈಟ್ಲಿಯಲ್ಲಿ ಇವತ್ತು ಕಂಡದ್ದು ಬೀಟಾಕ್ಕೆ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಗೆ ಹೋಗಿ, ಅಲ್ಲಿ ಪಾಸಾದರೆ ಎಲ್ಲರ ಕೈಗೆ ಬರುತ್ತದೆ. ಕ್ರೋಮ್‌ನಲ್ಲಿ ಕ್ಯಾನರಿ ಮತ್ತು ಬೀಟಾ ನಡುವೆ ಡೆವ್ ಅನ್ನುವ ಇನ್ನೊಂದು ಮೆಟ್ಟಿಲಿದೆ.

ಹಾಕಿಕೊಳ್ಳುವುದರಲ್ಲಿ ಎರಡೂ ಸಲೀಸು. ಮಾಮೂಲಿ ಬ್ರೌಸರ್ ತೆಗೆಯಬೇಕಾಗಿಲ್ಲ, ಪಕ್ಕದಲ್ಲೇ ಕೂರುತ್ತವೆ. ನೈಟ್ಲಿಯ ಐಕಾನ್ ನೀಲಿ-ನೇರಳೆ, ಕ್ಯಾನರಿಯದು ಹಳದಿ, ಹಾಗಾಗಿ ಅದಲುಬದಲಾಗುವ ಭಯವೂ ಇಲ್ಲ. ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಬೇರೆ ಬೇರೆ ಪ್ರೊಫೈಲ್‌ನಲ್ಲಿ, ಅಂದರೆ ಬ್ರೌಸರ್ ನಮ್ಮ ಮಾಹಿತಿ ಇಡುವ ಫೋಲ್ಡರ್‌ನಲ್ಲಿ ಇರುತ್ತವೆ. ಫೈರ್‌ಫಾಕ್ಸ್‌ನಲ್ಲಿ ಈ ಏರ್ಪಾಡು 2019ರ 67ನೇ ಆವೃತ್ತಿಯಿಂದ ಬಂತು. ಅದರ ಜೊತೆಗೇ ಇನ್ನೊಂದು ಕಾವಲೂ ಬಂತು: ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ ಅದು ಒಪ್ಪುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೋ ಅನ್ನುತ್ತದೆ. ಕಿರಿಕಿರಿ ಅನ್ನಿಸಬಹುದು, ಆದರೆ ಡೇಟಾ ಕೆಡುವುದಕ್ಕಿಂತ ವಾಸಿ. ನನ್ನ ಮುಖ್ಯ ಖಾತೆಯಲ್ಲಿ ಮಾತ್ರ ಎರಡರಲ್ಲೂ ಸೈನ್ ಇನ್ ಆಗಲಿಲ್ಲ. ಪರೀಕ್ಷೆಯ ಗೊಂದಲ ಸಿಂಕ್ ಆಗಿ ಫೋನಿನವರೆಗೆ ಬರುವುದು ಯಾರಿಗೆ ಬೇಕು?

ಕನ್ನಡ ಅಕ್ಷರದ ವಿಷಯದಲ್ಲಿ ಜಗಳವೇ ಇಲ್ಲ. ಒತ್ತು, ಅರ್ಕಾವತ್ತು ಜೋಡಿಸುವ ಕೆಲಸ ಎರಡರಲ್ಲೂ ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶದ್ದು. ವಿಂಡೋಸ್‌ನ ನಿರ್ಮಲಾ ಯುಐ ಫಾಂಟ್‌ನಲ್ಲಿ "ರಾಷ್ಟ್ರ", "ಕಾರ್ಯಕರ್ತ" ಎರಡೂ ಕಡೆ ಒಂದೇ ಥರ ಕಂಡವು. ನೈಟ್ಲಿಯನ್ನು ಕನ್ನಡ ಮೆನುವಿನ ಜೊತೆ ಹಾಕಿದರೆ ನಡುನಡುವೆ ಇಂಗ್ಲಿಷ್ ಸಾಲು ಕಾಣುತ್ತವೆ. ಅನುವಾದ ಮಾಡುವವರ ಕೈಗೆ ಇನ್ನೂ ಬಾರದ ಹೊಸ ಸೌಲಭ್ಯಗಳು ಅವೇ ಅಂತ ತಿಳಿದುಕೊಂಡರಾಯಿತು.

ವೇಗ? ಬರಿಗಣ್ಣಿಗೆ ಗೊತ್ತಾಗುವಷ್ಟು ವ್ಯತ್ಯಾಸ ಇಲ್ಲ. 4 ಜಿಬಿಯಲ್ಲಿ ಎರಡನ್ನೂ ಒಟ್ಟಿಗೆ ತೆರೆದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ತಪ್ಪು ಲ್ಯಾಪ್‌ಟಾಪಿನದು.

ನನಗೆ ನಿಜವಾಗಿ ವ್ಯತ್ಯಾಸ ಕಂಡದ್ದು ಅಪ್‌ಡೇಟ್‌ನಲ್ಲಿ. ನೈಟ್ಲಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಬಿಲ್ಡ್ (ಹೊಸದಾಗಿ ಕಟ್ಟಿದ ಪ್ರತಿ) ಬರುತ್ತವೆ. ಆದರೆ ಸೆಟ್ಟಿಂಗ್ಸ್‌ನಲ್ಲಿ "ನನ್ನನ್ನು ಕೇಳಿ ಹಾಕು" ಅಂತ ಆರಿಸಿಕೊಳ್ಳಬಹುದು. ದಿನಾ ಹಾಕಿಕೊಳ್ಳುತ್ತಿದ್ದರೆ ಬದಲಾದ ಭಾಗವಷ್ಟೇ ಇಳಿಯುತ್ತದೆ, ಬಹಳ ದಿನ ಬಿಟ್ಟರೆ ಪೂರ್ತಿ ಫೈಲ್ ಇಳಿಸಬೇಕು. ಫೋನಿನ ಹಾಟ್‌ಸ್ಪಾಟ್ ಮೇಲೆ ಅಂಗಡಿ ನಡೆಸುವ ದಿನಗಳಲ್ಲಿ ಈ ಲೆಕ್ಕ ಜಾಸ್ತಿ ಮುಖ್ಯ. ಕ್ಯಾನರಿ ಸದ್ದಿಲ್ಲದೆ ತಾನೇ ಅಪ್‌ಡೇಟ್ ಆಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತಡೆದು ನಿಲ್ಲಿಸುವ ಗುಂಡಿ ಇಲ್ಲ. ಇದು ಅದರ ಉದ್ದೇಶಕ್ಕೆ ತಕ್ಕದ್ದೇ, ನನ್ನ ಡೇಟಾ ಪ್ಯಾಕಿಗೆ ತಕ್ಕದ್ದಲ್ಲ.

ಇನ್ನೊಂದು, ಏನಾದರೂ ಕೆಟ್ಟಾಗ ಏನು ಮಾಡುವುದು ಅನ್ನುವುದು. ಪರೀಕ್ಷಾ ಆವೃತ್ತಿ ಅಂದಮೇಲೆ ಕೆಡುವುದು ಇದ್ದದ್ದೇ. ನಿನ್ನೆ ನೆಟ್ಟಗೆ ತೆರೆಯುತ್ತಿದ್ದ ಮೆನು ಇವತ್ತು ಚಿತ್ರದ ಹಿಂದೆ ಅಡಗಿದೆ ಅಂದುಕೊಳ್ಳಿ. ಫೈರ್‌ಫಾಕ್ಸ್‌ಗೆ ಮೊಜ್‌ರಿಗ್ರೆಷನ್ ಅಂತ ಒಂದು ಸಲಕರಣೆ ಇದೆ. ಸರಿ ಇದ್ದ ದಿನಾಂಕ ಒಂದು, ಕೆಟ್ಟ ದಿನಾಂಕ ಒಂದು ಕೊಟ್ಟರೆ ಸಾಕು. ನಡುವಿನ ದಿನದ ಬಿಲ್ಡ್ ತಂದು ತೆರೆದು, "ಸರಿ ಇದೆಯೋ ಕೆಟ್ಟಿದೆಯೋ" ಅಂತ ಕೇಳುತ್ತದೆ. ನೀವು ಉತ್ತರ ಕೊಟ್ಟ ಹಾಗೆ ಅರ್ಧರ್ಧ ಕಡಿಮೆ ಮಾಡುತ್ತಾ ಯಾವ ಬದಲಾವಣೆಯಿಂದ ಕೆಟ್ಟಿತು ಅನ್ನುವ ಹತ್ತಿರಕ್ಕೆ ಒಯ್ಯುತ್ತದೆ. ಅದನ್ನು ಫೈರ್‌ಫಾಕ್ಸ್‌ನ ದೋಷ ದಾಖಲಿಸುವ ತಾಣ ಬಗ್‌ಜಿಲ್ಲಾದಲ್ಲಿ ಬರೆದರೆ ಸರಿಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ. ವಿಂಡೋಸ್‌ನಲ್ಲಿ ಇದಕ್ಕೆ ಮೌಸ್‌ನಲ್ಲೇ ಓಡಿಸುವ ಕಿಟಕಿ ಇದೆ. ಕ್ರೋಮ್ ಬಳಗದಲ್ಲೂ ಇದೇ ಕೆಲಸದ ಸ್ಕ್ರಿಪ್ಟ್ ಇದೆ, ಆದರೆ ಅದಕ್ಕೆ ಪೈಥಾನ್, ಕಮಾಂಡ್ ಲೈನ್ ಗೊತ್ತಿರಬೇಕು. ವಿದ್ಯಾಗಿರಿಯ ಎಂಜಿನಿಯರಿಂಗ್ ಹುಡುಗರಿಗೆ ಅದು ಆಟ, ನನ್ನಂಥವನಿಗಲ್ಲ.

ಜಾಹೀರಾತು ತಡೆಯುವ ವಿಸ್ತರಣೆ (ಎಕ್ಸ್‌ಟೆನ್ಶನ್) ಯುಬ್ಲಾಕ್ ಒರಿಜಿನ್ ನೈಟ್ಲಿಯಲ್ಲಿ ಮೊದಲಿನಂತೆಯೇ ನಡೆಯುತ್ತದೆ. ಕ್ರೋಮ್ 2025ರಲ್ಲಿ ಮ್ಯಾನಿಫೆಸ್ಟ್ ವಿ2 ಎಂಬ ಹಳೆಯ ಪದ್ಧತಿಯ ಇಂಥ ವಿಸ್ತರಣೆಗಳನ್ನು ಕೈಬಿಟ್ಟಿತು, ಈಗ ಅಲ್ಲಿ ಸಿಗುವುದು ಅದರ ಹಗುರ ರೂಪ ಯುಬ್ಲಾಕ್ ಒರಿಜಿನ್ ಲೈಟ್.

ಇಷ್ಟಾದರೂ ಕ್ಯಾನರಿ ಪರವಾಗಿ ಒಂದು ಗಟ್ಟಿ ಮಾತಿದೆ. ಅರ್ಜಿ ತುಂಬುವ ಎಷ್ಟೋ ಜಾಲತಾಣಗಳನ್ನು ಕ್ರೋಮ್‌ನಲ್ಲೇ ನೋಡಿ ಕಟ್ಟಿರುತ್ತಾರೆ. ಅವು ಮುಂದೆ ಹೇಗೆ ನಡೆದುಕೊಳ್ಳುತ್ತವೆ ಅಂತ ತಿಳಿಯಲು ನೈಟ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಅದಕ್ಕೆ ಕ್ಯಾನರಿಯಷ್ಟು ಹಸಿ ಸರಕು ಬೇಕಿಲ್ಲ, ಕ್ರೋಮ್ ಬೀಟಾ ಸಾಕು. ಹಾಗಾಗಿ ಕ್ಯಾನರಿ ತೆಗೆದು ಬೀಟಾ ಹಾಕಿದ್ದೇನೆ. ಅದರಲ್ಲೂ ಫಾರ್ಮ್ ತೆರೆದು ನೋಡುತ್ತೇನೆ ಅಷ್ಟೇ, ಗಿರಾಕಿಯ ಆಧಾರ್ ನಂಬರ್, ಓಟಿಪಿ, ಫೀ ಕಟ್ಟುವುದು ಯಾವುದೂ ಅಲ್ಲಿ ಇಲ್ಲ.

ಫೋನಿಗೂ ನೈಟ್ಲಿ ಪ್ಲೇ ಸ್ಟೋರ್‌ನಲ್ಲೇ ಸಿಗುತ್ತದೆ. ಆಂಡ್ರಾಯ್ಡ್ ಫೈರ್‌ಫಾಕ್ಸ್ 2023ರ ಡಿಸೆಂಬರ್‌ನಲ್ಲಿ ವಿಸ್ತರಣೆಗಳಿಗೆ ಬಾಗಿಲು ತೆರೆದ ಮೇಲೆ ಪೇಪರ್ ಓದಲು ನನಗೆ ಅದೇ ರೂಢಿ. ಲಿಂಕ್ ಒತ್ತಿದಾಗ ತೆರೆಯುವ ಡೀಫಾಲ್ಟ್ ಮಾತ್ರ ಮಾಮೂಲಿ ಬ್ರೌಸರೇ. ಯುಪಿಐ ಲಿಂಕ್ ಬಂದಾಗ ಪ್ರಯೋಗ ಬೇಡ, ಅಲ್ವಾ?