ವೈನ್‌ಗೆ ಮುಂಗಡ: ಹದಿನೈದು ದಿನಕ್ಕೆ ಸರಿ, ಆರು ತಿಂಗಳಿಗೆ ಬೇಡ

ಏನಿದು: ಹಾಸನ, ಚಿಕ್ಕಮಗಳೂರಿನ ಮದ್ಯದಂಗಡಿಗಳಲ್ಲಿ ಮುಂಗಡ ಕೊಟ್ಟು ವೈನ್ ತರಿಸಿಕೊಳ್ಳುವ ವ್ಯವಸ್ಥೆ
ಬಳಕೆ: ನಾಲ್ಕು ವರ್ಷ
ಅಂಕ: ಹದಿನೈದು ದಿನದೊಳಗಿನ ಬುಕಿಂಗ್‌ಗೆ 5ಕ್ಕೆ 4, ತಿಂಗಳುಗಟ್ಟಲೆ ಮುಂಚಿನದಕ್ಕೆ 5ಕ್ಕೆ 1

ಬೋರ್ಡಿನ ಮೇಲೆ ‘ವೈನ್ಸ್’ ಅಂತ ದೊಡ್ಡದಾಗಿ ಬರೆದಿದ್ದರೂ ಒಳಗೆ ವೈನ್‌ಗೆ ಸಿಗುವುದು ಒಂದೇ ಶೆಲ್ಫು; ಉಳಿದದ್ದೆಲ್ಲ ವಿಸ್ಕಿ, ಬ್ರಾಂದಿ. ಹಾಗಾಗಿ ಮದುವೆಗೋ, ಕ್ರಿಸ್ಮಸ್‌ಗೋ, ಎಸ್ಟೇಟಿಗೆ ಬರುವ ನೆಂಟರಿಗೋ ಒಂದು ಕೇಸ್ ಬೇಕೆಂದರೆ ‘ಅಡ್ವಾನ್ಸ್ ಕೊಡಿ ಸಾರ್, ತರಿಸಿಕೊಡ್ತೀನಿ’ ಎನ್ನುವ ಮಾತು ಬಂದೇ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ತರಿಸುವುದು ಅಂಗಡಿಯವನ ಕೈಯಲ್ಲಿಲ್ಲ.

ಅಕ್ಕಿ ಅಂಗಡಿಯವನು ಬೇಕಾದ ಮಿಲ್ಲಿನಿಂದ ಅಕ್ಕಿ ತರಿಸಬಹುದು. ಮದ್ಯದಂಗಡಿಯವನಿಗೆ ಆ ಸ್ವಾತಂತ್ರ್ಯ ಇಲ್ಲ. 2003ರಿಂದ ಕರ್ನಾಟಕದಲ್ಲಿ ಸಗಟು ಸರಬರಾಜು ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕ. ಕಂಪನಿ ನಿಗಮದ ಡಿಪೊಗೆ ಮಾಲು ಇಳಿಸಬೇಕು, ಅಂಗಡಿಯವನು ದುಡ್ಡು ಕಟ್ಟಿ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಬೇಕು, ಆಮೇಲೆ ಎತ್ತಬೇಕು. ಡಿಪೊದಲ್ಲಿ ಆ ಲೇಬಲ್ ಇಲ್ಲದಿದ್ದರೆ ಅವನು ಎಷ್ಟೇ ಪ್ರಾಮಾಣಿಕನಾದರೂ ಬಾಟಲಿ ಬರುವುದಿಲ್ಲ. ಆದ್ದರಿಂದ ‘ಯಾವಾಗ ಬರುತ್ತೆ’ ಎಂದು ಕೇಳಿ ಪ್ರಯೋಜನವಿಲ್ಲ. ‘ಈಗ ಡಿಪೊ ಸ್ಟಾಕಿನಲ್ಲಿ ಇದೆಯಾ, ಎಷ್ಟು ಕೇಸ್ ಇದೆ’ ಎಂದು ಕೇಳಿ. ಇದೆ ಎಂದು ಮೊಬೈಲಿನಲ್ಲಿ ತೋರಿಸಿದರೆ ಮುಂಗಡ ಕೊಡಬಹುದು. ‘ಕಂಪನಿಯವರು ಕಳಿಸ್ತಾರೆ’ ಎಂದರೆ ಜೇಬಿನಿಂದ ಕೈ ತೆಗೆಯಬೇಡಿ.

ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಜೂನ್ 30ರ ಗೆರೆ. ನಮ್ಮಲ್ಲಿ ಅಬಕಾರಿ ವರ್ಷ ಏಪ್ರಿಲ್‌ಗಲ್ಲ, ಜುಲೈ 1ಕ್ಕೆ ಶುರು. ಅಂಗಡಿಯ ಲೈಸೆನ್ಸು, ಕಂಪನಿಯ ಲೇಬಲ್ ಮಂಜೂರಾತಿ (ಆ ಹೆಸರಿನ ಮಾಲು ಮಾರಲು ಅಬಕಾರಿ ಇಲಾಖೆಯ ಒಪ್ಪಿಗೆ) ಇವೆರಡೂ ಪ್ರತಿ ವರ್ಷ ನವೀಕರಣವಾಗಬೇಕು. ವಿಸ್ಕಿ ಕಂಪನಿಗಳು ಇದನ್ನು ತಪ್ಪಿಸುವುದಿಲ್ಲ. ವರ್ಷಕ್ಕೆ ಕೆಲವೇ ಕೇಸ್ ಓಡುವ ವೈನ್ ಲೇಬಲ್‌ಗೆ ಶುಲ್ಕ ಕಟ್ಟುವುದು ಬೇಡವೆಂದು ಆಮದುದಾರ ಕೈಬಿಟ್ಟರೆ ನಿಮ್ಮ ಆರ್ಡರ್ ಅಲ್ಲೇ ಸತ್ತಿತು. ಮೇ ತಿಂಗಳಲ್ಲಿ ಮುಂಗಡ ಪಡೆದು ಆಗಸ್ಟಿಗೆ ಕೊಡುತ್ತೇನೆಂದ ಅಂಗಡಿ ಸೆಪ್ಟೆಂಬರ್ ಕಳೆದರೂ ‘ಲೇಬಲ್ ಆಗಿಲ್ಲ ಸಾರ್’ ಎನ್ನುವುದು ಇದೇ ಕಾರಣಕ್ಕೆ. ಜೂನ್ ದಾಟುವ ಯಾವ ಬುಕಿಂಗೂ ಬೇಡ.

ಬೆಲೆಯ ಲೆಕ್ಕಕ್ಕೆ ಬರೋಣ. ಬಾಟಲಿಗೆ 1,500 ರೂಪಾಯಿಯ 12 ಬಾಟಲಿ, ಒಟ್ಟು 18,000. ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಶೇ 10 ಬಿಡುತ್ತೇನೆ, ಎಂಟು ತಿಂಗಳು ಬಿಟ್ಟು ಮಾಲು ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಕೊಡುವುದು 16,200, ಉಳಿತಾಯ 1,800. ಅದೇ ಹಣ ಬ್ಯಾಂಕಿನಲ್ಲಿ ಶೇ 7ಕ್ಕೆ ಎಂಟು ತಿಂಗಳು ಇದ್ದರೆ 756 ರೂಪಾಯಿ ಬಡ್ಡಿ. ನಿಜವಾದ ಲಾಭ 1,044 ಮಾತ್ರ. ಇಂಥ ಹದಿನೇಳು ಆರ್ಡರ್‌ನಲ್ಲಿ ಒಂದೇ ಒಂದು ಮುಳುಗಿದರೆ ಉಳಿದ ಹದಿನಾರರ ಲಾಭವೂ ಅದರ ಜೊತೆ ಹೋಯಿತು. ಅಂಗಡಿಯವನಿಗಾದರೆ ಇದು ಅಡಮಾನವಿಲ್ಲದೆ ಸಿಕ್ಕ ಅಗ್ಗದ ಸಾಲ. ನಡುವೆ ಸರ್ಕಾರ ಸುಂಕ ಏರಿಸಿದರೆ ವ್ಯತ್ಯಾಸ ನಿಮ್ಮ ತಲೆಗೆ. ಇಳಿದರೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. 2022ರ ಡಿಸೆಂಬರ್ 29ರಿಂದ ಆಸ್ಟ್ರೇಲಿಯಾದ ವೈನ್‌ನಲ್ಲಿ ಆಮದು ಬೆಲೆ 5 ಅಮೆರಿಕನ್ ಡಾಲರ್ ಮೀರಿದ ಬಾಟಲಿಗೆ ಸುಂಕ ಶೇ 150ರಿಂದ 100ಕ್ಕೆ, 15 ಡಾಲರ್ ಮೀರಿದ್ದಕ್ಕೆ 75ಕ್ಕೆ ಇಳಿಯಿತು. ಹಳೆಯ ಬೆಲೆಗೆ ಬುಕ್ ಮಾಡಿ ಕಾಯುತ್ತಿದ್ದವರಿಗೆ ಅದರಿಂದ ಏನು ಸಿಕ್ಕೀತು?

ಅಂಗಡಿ ಮುಚ್ಚಿದರೆ? ‘ನನ್ನ ಹೆಸರಿಗೆ ಬುಕ್ ಆಗಿದೆ, ಹಾಗಾಗಿ ಅದು ನನ್ನ ವೈನು’ ಎಂಬ ನಂಬಿಕೆ ಕಾನೂನಿನ ಎದುರು ನಿಲ್ಲುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 18ನೇ ಕಲಮಿನ ಪ್ರಕಾರ ಇಂಥದ್ದೇ ಎಂದು ಗುರುತಿಸದ ಮಾಲಿನ ಒಡೆತನ ಕೊಳ್ಳುವವನಿಗೆ ಬರುವುದಿಲ್ಲ. ನಿಮ್ಮ 12 ಬಾಟಲಿ ಬೇರೆ ತೆಗೆದಿಟ್ಟು ಹೆಸರು ಅಂಟಿಸುವವರೆಗೆ ನೀವು ಅಂಗಡಿಗೆ ಸಾಲ ಕೊಟ್ಟವರ ಸಾಲಿನಲ್ಲಿ ಬ್ಯಾಂಕಿನ ಹಿಂದೆ ನಿಂತವರು. ಅಮೆರಿಕದ ಬರ್ಕ್ಲಿಯಲ್ಲಿದ್ದ ಪ್ರೀಮಿಯರ್ ಕ್ರೂ ಎಂಬ ಹೆಸರಾಂತ ವೈನ್ ಅಂಗಡಿಯಲ್ಲಿ ಆದದ್ದೂ ಇದೇ. ಯೂರೋಪಿನಿಂದ ಇನ್ನೂ ಬಾರದ, ಎಷ್ಟೋ ಸಲ ಖರೀದಿಯನ್ನೇ ಮಾಡದ ವೈನ್‌ಗೆ ಮಾಲೀಕ ಜಾನ್ ಫಾಕ್ಸ್ ಮುಂಗಡ ಎತ್ತುತ್ತಿದ್ದ. ಹೊಸಬರ ದುಡ್ಡಲ್ಲಿ ಹಳಬರ ಆರ್ಡರ್ ತುಂಬಿಸುತ್ತಿದ್ದ. 2016ರ ಜನವರಿಯಲ್ಲಿ ಅಂಗಡಿ ದಿವಾಳಿ, ವರ್ಷದ ಕೊನೆಗೆ ಅವನಿಗೆ ಆರೂವರೆ ವರ್ಷ ಜೈಲು. ಒಂದಷ್ಟು ಜನಕ್ಕೆ ಸರಿಯಾಗಿ ಬಾಟಲಿ ತಲುಪುತ್ತಲೇ ಇದ್ದುದರಿಂದ ವರ್ಷಗಟ್ಟಲೆ ಯಾರಿಗೂ ಅನುಮಾನ ಬರಲಿಲ್ಲ.

ಕೊಡಲೇಬೇಕಾಗಿ ಬಂದರೆ ಕಾಲು ಭಾಗ ಕೊಡಿ, ಅರ್ಧ ದಾಟಬೇಡಿ. ಮಾಲೀಕರ ಭಾಮೈದನ ಫೋನ್ ನಂಬರಿಗಲ್ಲ, ಅಂಗಡಿಯ ಹೆಸರು ಬರುವ ಕ್ಯೂಆರ್‌ಗೆ. ಕ್ರೆಡಿಟ್ ಕಾರ್ಡ್ ನಡೆದರೆ ಇನ್ನೂ ಒಳ್ಳೆಯದು. ಮಾಲು ಬರದಿದ್ದರೆ ಗಡುವಿನೊಳಗೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳಬಹುದು. ಚೀಟಿಯಲ್ಲಿ ‘ರೆಡ್ ವೈನ್ 12’ ಎಂದು ಬರೆಸಿಕೊಂಡು ಬಂದವರಿಗೆ ಏನು ಕೊಟ್ಟರೂ ಒಪ್ಪಬೇಕಾಗುತ್ತದೆ. ಕಂಪನಿ, ದ್ರಾಕ್ಷಿ ತಳಿ, ಕೊಯ್ಲಿನ ವರ್ಷ, 750 ಮಿಲಿ, ಎಷ್ಟು ಬಾಟಲಿ, ಯಾವ ತಾರೀಖಿನೊಳಗೆ, ಬರದಿದ್ದರೆ ಎಷ್ಟು ದಿನದಲ್ಲಿ ಹಣ ವಾಪಸ್ ಎಂಬಷ್ಟೂ ಇರಲಿ. ಕ್ಯಾಬರ್ನೆ ಶಿರಾಜ್ ಕೇಳಿದವರಿಗೆ ಬರೀ ಶಿರಾಜ್ ಕೊಡುವುದು ಮಾಮೂಲು. ಬಿಳಿ ವೈನ್‌ನಲ್ಲಿ ವರ್ಷ ಇನ್ನೂ ಮುಖ್ಯ: ಸೋವಿನ್ಯೊ ಬ್ಲಾಂಕ್, ಶೆನಿನ್ ಬ್ಲಾಂಕ್ ಒಂದೆರಡು ವರ್ಷದೊಳಗೆ ಕುಡಿಯುವ ಮಾಲು, ಮೂಲೆಯಲ್ಲಿ ಉಳಿದ ಹಳೆಯದನ್ನು ಮುಂಗಡದವರಿಗೆ ದಾಟಿಸುವುದು ಸುಲಭ.

‘ಬಂದಿದೆ, ಯಾವಾಗಲಾದರೂ ಬನ್ನಿ’ ಎಂದರೆ ಅವತ್ತೇ ಹೋಗಿ. ಏಪ್ರಿಲ್‌ನಲ್ಲಿ ಶೀಟಿನ ಕೆಳಗಿನ ಅಟ್ಟದಲ್ಲಿ ಕೇಸ್ ಒಂದು ವಾರ ಕುಳಿತರೆ ವೈನ್ ಬೆಂದ ಹಣ್ಣಿನ ವಾಸನೆಗೆ ತಿರುಗುತ್ತದೆ. ಕೌಂಟರಿನಲ್ಲೇ ಒಂದೊಂದೇ ಬಾಟಲಿ ಎತ್ತಿ ಬೆಳಕಿಗೆ ಹಿಡಿಯಿರಿ. ವೈನ್ ಕತ್ತಿನವರೆಗೆ ಇರಬೇಕು. ಭುಜದ ಮಟ್ಟಕ್ಕೆ ಇಳಿದಿದ್ದರೆ ಬೇಡ. ಬಿರಡೆಯ ಮೇಲಿನ ಹಾಳೆಯನ್ನು ಬೆರಳಿನಿಂದ ಸುತ್ತಿಸಿ: ಸಲೀಸಾಗಿ ತಿರುಗಿದರೆ ಒಳ್ಳೆಯ ಲಕ್ಷಣ, ಅಂಟಿಕೊಂಡಿದ್ದು ಬೆರಳಿಗೆ ಜಿಗುಟು ತಗುಲಿದರೆ ಒಳಗೆ ಸೋರಿದೆ. ಹಾಳೆಯ ತಲೆ ಉಬ್ಬಿದ್ದರೆ ಬಿಸಿಗೆ ಬಿರಡೆ ಮೇಲೆ ಬಂದಿದೆ. ಮಳೆಗಾಲದಲ್ಲಿ ಲೇಬಲ್ ಮೇಲೆ ಬೂಷ್ಟು ಕಂಡರೆ ಗಾಬರಿ ಬೇಡ, ಅದು ನಮ್ಮ ಥಂಡಿಯ ಕೆಲಸ, ಒಳಗಿನದಕ್ಕೆ ಏನೂ ಆಗಿರುವುದಿಲ್ಲ.

ಮಸಾಲೆ ಅಂಗಡಿಗಳಲ್ಲಿ ಕ್ರಿಸ್ಮಸ್‌ಗೆಂದು ಬುಕ್ ಮಾಡಿಸಿಕೊಳ್ಳುವ ‘ಹೋಮ್‌ಮೇಡ್ ವೈನ್’ಗೆ ಅಂಕವನ್ನೇ ಕೊಟ್ಟಿಲ್ಲ. ಲೈಸೆನ್ಸ್ ಇಲ್ಲದೆ ಮಾರುವುದು ಅಪರಾಧ, ಬಿಲ್ಲಿಲ್ಲ, ದೂರು ಕೊಡುವ ದಾರಿಯೂ ಇಲ್ಲ. ಒಳಗೆ ಇನ್ನೂ ಹುದುಗುತ್ತಿರುವ ಬಾಟಲಿ ಕಾರಿನ ಡಿಕ್ಕಿಯಲ್ಲಿ ಬಿರಡೆ ಹಾರಿಸಿದರೆ ಸೀಟು ತೊಳೆಸುವ ಖರ್ಚು ಬೇರೆ.

ಬಿಲ್ಲಿರುವ ಅಂಗಡಿ ಹಣ ಕೊಡದೆ ಸತಾಯಿಸಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಜೊತೆಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಂತೆ ಬೆಂಗಳೂರಿನ ಅಂಗಡಿಯ ಮೇಲೂ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದ ಗಡುವು ಮಾತ್ರ ಮರೆಯಬೇಡಿ, ‘ಮುಂದಿನ ಲೋಡಿಗೆ ಬರುತ್ತೆ’ ಎಂಬ ಒಂದೇ ಮಾತಿನಲ್ಲಿ ಅದರ ಅರ್ಧ ಕಳೆದುಹೋಗುತ್ತದೆ.